ಸೂರಿನ ನೀರು, ಮಾಳಿಗೆಯ ಬಿಸಿಲು

‘ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು’ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಮೂರನೆಯದೊಂದನ್ನು ಹೇಳದೆ ಬಿಟ್ಟರು. ಅವರ ಕಾಲದಲ್ಲಿ ಅದು ಇರಲಿಲ್ಲ. ಇಂದಿನ ಗೃಹಸ್ಥನು ‘ಪರವಾನಿಗೆ ತೆಗೆದು ನೋಡು’ ಎಂಬುದನ್ನೂ ಅದಕ್ಕೆ ಸೇರಿಸಿಕೊಂಡು ನಿಟ್ಟುಸಿರು ಬಿಡುತ್ತಾನೆ. ನಕಾಶೆ ಬೇಕು, ನಕಾಶೆಗೆ ಇಂಜಿನಿಯರರ ಸಹಿ ಬೇಕು, ಬೀದಿಯಿಂದ ಇಷ್ಟು, ನೆರೆಯವನ ಗೋಡೆಯಿಂದ ಇಷ್ಟು ಜಾಗ ಬಿಡಬೇಕು, ಕೊನೆಗೆ ಆ ನಕಾಶೆಯ ಒಂದು ಮೂಲೆಯಲ್ಲಿ ಚಿಕ್ಕದೊಂದು ವರ್ತುಲವನ್ನು ಬರೆದು ‘ಮಳೆನೀರಿನ ಗುಂಡಿ’ ಎಂದು ಹೆಸರಿಡಬೇಕು. ಪರವಾನಿಗೆಯು ಕೈಗೆ ಬಂದ ಬಳಿಕ ಆ ವರ್ತುಲವು ಅನೇಕ ಕಡೆಗೆ ಕಾಗದದ ಮೇಲೆಯೇ ಉಳಿಯುತ್ತದೆ. ನೆಲದ ಮೇಲೆ ಅದೇ ಸ್ಥಳದಲ್ಲಿ ಮೋಟಾರು ಸೈಕಲ್ಲು ನಿಲ್ಲುತ್ತದೆ. ಈ ತಿಂಗಳು ನಾವು ವಾಚಕರೊಡನೆ ಮಾತನಾಡಬೇಕೆಂದಿರುವುದು ಆ ವರ್ತುಲದ ವಿಷಯವಾಗಿ.

ನೀರನ್ನೂ ವಿದ್ಯುತ್ತನ್ನೂ ಉಳಿಸುವುದಕ್ಕಾಗಿ ಮನೆ ಕಟ್ಟುವವರ ಮೇಲೆ ಕಟ್ಟಳೆಗಳನ್ನು ವಿಧಿಸುವುದು ಗುಡ್ಡದ ಮೇಲಿನ ಊರುಗಳಿಗೆ ಅತ್ಯವಶ್ಯವೆಂದು ಬಲ್ಲವರು ಹೇಳುತ್ತಾರೆ. ಕಾರಣವು ಸುಲಭವಾಗಿ ತಿಳಿಯತಕ್ಕದ್ದು. ಗುಡ್ಡದ ಮೇಲೆ ಎಷ್ಟು ಮಳೆ ಸುರಿದರೂ ನೀರು ನಿಲ್ಲದೆ ಇಳಿದುಹೋಗುತ್ತದೆ. ಇಳಿದುಹೋದ ನೀರನ್ನು ತಿರುಗಿ ಮೇಲಕ್ಕೆ ಏರಿಸಬೇಕಾದರೆ ವಿದ್ಯುಚ್ಛಕ್ತಿಯನ್ನು ಸುರಿಯಬೇಕಾಗುತ್ತದೆ. ಮಿಜೋರಾಮದ ರಾಜಧಾನಿಯಾದ ಐಜಾಲ್ ಪಟ್ಟಣಕ್ಕೆ ಕೆಳಗಿನ ತ್ಲಾಂಗ್ ನದಿಯ ನೀರನ್ನು ಸುಮಾರು ಒಂದು ಸಾವಿರ ಮೀಟರುಗಳಷ್ಟು ಎತ್ತರಕ್ಕೆ ಏರಿಸಿ ತರುತ್ತಾರೆ. ಆದುದರಿಂದ ಅಲ್ಲಿಯ ಮನೆಗಳವರು ತಗಡಿನ ಮಾಡಿನ ಅಂಚಿಗೆ ದೋಣಿ ಕಟ್ಟಿ, ಮಳೆಯ ನೀರನ್ನು ತೊಟ್ಟಿಗೆ ಇಳಿಸಿಕೊಳ್ಳುವುದನ್ನು ಒಲೆ ಹಚ್ಚುವಷ್ಟೇ ಸಹಜವಾದ ಮನೆಗೆಲಸವೆಂದು ಎಣಿಸುತ್ತಾರೆ. 2018ನೆಯ ಇಸವಿಯ ಬೇಸಗೆಯಲ್ಲಿ ಶಿಮ್ಲಾ ನಗರದ ನಲ್ಲಿಗಳು ದಿನಗಟ್ಟಲೆ ಒಣಗಿ ನಿಂತು, ಪ್ರವಾಸಿಗರಿಗೆ ‘ದಯಮಾಡಿ ಸದ್ಯಕ್ಕೆ ಬರಬೇಡಿರಿ’ ಎಂದು ಊರಿನವರೇ ಹೇಳಬೇಕಾದ ಪ್ರಸಂಗ ಬಂದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಅಂಥ ಗಿರಿನಗರಗಳಲ್ಲ. ಆದರೆ ಇವು ಬಯಲು ಸೀಮೆಯ ಊರುಗಳೂ ಅಲ್ಲ. ಸಹ್ಯಾದ್ರಿಯ ಸೆರಗು ಪೂರ್ವಕ್ಕೆ ಇಳಿದು ಬಯಲಿನೊಡನೆ ಸೇರುವ ನಡುಸೀಮೆಯಲ್ಲಿ, ಅರೆಮಲೆನಾಡಿನಲ್ಲಿ, ಇವು ಕುಳಿತಿವೆ. ಪಶ್ಚಿಮದ ಹಾನಗಲ್ಲಿಗೆ ಬರುವ ಮಳೆ ಪೂರ್ವದ ಸವಣೂರಿಗೆ ಬರುವಷ್ಟರಲ್ಲಿ ಸೋತುಹೋಗುತ್ತದೆ. ಹಾನಗಲ್ಲಿನ ಕಡೆಗೆ ಬತ್ತದ ಗದ್ದೆ, ಇಳಿಜಾರಾದ ಹಂಚಿನ ಮನೆ. ಸವಣೂರು, ಶಿಗ್ಗಾವಿಗಳ ಎರೆಯ ನೆಲದ ಹಳ್ಳಿಗಳಲ್ಲಿ ಜೋಳ, ಹತ್ತಿ, ಚಪ್ಪಟೆಯಾದ ಮಣ್ಣಿನ ಮಾಳಿಗೆ. ಒಂದೇ ಜಿಲ್ಲೆಯೊಳಗೆ, ಒಂದು ಹೊತ್ತಿನ ಪ್ರಯಾಣದ ಅಂತರದಲ್ಲಿ, ಮನೆಯ ತಲೆಯೇ ಬದಲಾಗುತ್ತದೆಂದ ಮೇಲೆ ಮನೆಯ ಕಟ್ಟಳೆಯೂ ಒಂದೇ ಆಗಿರಬಹುದೇ ಎಂಬುದು ನಮ್ಮ ಮೊದಲನೆಯ ಪ್ರಶ್ನೆ.

ಹಳೆಯ ಮನೆಗಳನ್ನು ಕಟ್ಟಿದವರು ಯಾವ ಕಚೇರಿಗೂ ನಕಾಶೆಯನ್ನು ಒಪ್ಪಿಸಲಿಲ್ಲ. ಆದರೆ ಅವರು ಕಟ್ಟಳೆಯಿಲ್ಲದೆ ಕಟ್ಟಿದರೆಂದು ತಿಳಿಯಬಾರದು. ಗವಂಡಿಗೆ ಅವನ ತಂದೆಯಿಂದ ಬಂದ ರೂಢಿಯೇ ಅವರ ಕಾಯದೆ. ತೊಲೆ, ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ಗೇಣುದ್ದಕ್ಕೂ ಮಿಕ್ಕಿ ಕುಟ್ಟಿ ಹಾಸಿದ ಮಣ್ಣು: ಈ ಮಾಳಿಗೆಯು ಚೈತ್ರ ವೈಶಾಖಗಳ ಬಿಸಿಲನ್ನು ತಾನು ಕುಡಿದು, ಒಳಗಿನವರಿಗೆ ತಂಪನ್ನು ಉಳಿಸುತ್ತಿತ್ತು. ನಡುವೆ ಬೆಳಕಿಂಡಿ, ಅದರಿಂದ ಬೆಳಕು ಇಳಿಯುತ್ತಿತ್ತು, ಒಲೆಯ ಹೊಗೆ ಏರುತ್ತಿತ್ತು. ಹಂಚಿನ ಮನೆಗಳಲ್ಲಿ ಸೂರು ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿ, ಪಶ್ಚಿಮದಿಂದ ಬೀಸಿ ಬರುವ ಆಷಾಢದ ಮಳೆಯು ಮಣ್ಣಿನ ಗೋಡೆಯನ್ನು ತಾಕದಂತೆ ಕಾಯುತ್ತಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ಆರಂಭಿಸಿದ ತರುವಾಯ ಮಂಗಳೂರು ಹಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂದಿತು. ಸೂರು ಮಾತ್ರ ಹಾಗೆಯೇ ಉಳಿಯಿತು. ಬಚ್ಚಲಿನ ನೀರು ಹಿತ್ತಲಿನ ಬಾಳೆಗೂ ಬಸಳೆಗೂ ಹರಿಯುತ್ತಿತ್ತು. ಇದನ್ನು ಯಾರೂ ಜಲಸಂರಕ್ಷಣೆಯೆಂದು ಕರೆಯುತ್ತಿರಲಿಲ್ಲ. ಮನೆಯ ಹೆಂಗಸರ ಜಾಣತನವೆಂದೂ ಕರೆಯಲಿಲ್ಲ. ಅದು ಹಾಗೆ ಇರತಕ್ಕದ್ದೇ ಎಂದು ಎಲ್ಲರೂ ತಿಳಿದಿದ್ದರು.

ಊರಿಗೂ ಇದೇ ರೀತಿ. ಹಾನಗಲ್ಲಿನ ಆನೆಕೆರೆ, ಹಿರೇಕೆರೂರಿನ ದುರ್ಗಾದೇವಿಯ ಗುಡಿಯ ಕೆರೆ, ಸವಣೂರಿನ ಮೋತಿ ತಲಾಬ, ಇವು ಊರಿನ ಸೌಂದರ್ಯಕ್ಕಾಗಿ ತೋಡಿದವುಗಳಲ್ಲ. ಹಿರೇಕೆರೂರಂತೂ ತನ್ನ ಹೆಸರಿನೊಳಗೇ ಕೆರೆಯನ್ನು ಹೊತ್ತುಕೊಂಡಿದೆ. ಮಾಸೂರಿನ ಬಳಿಯಲ್ಲಿ ಕುಮುದ್ವತಿಯ ನೀರನ್ನು ಎರಡು ಗುಡ್ಡಗಳ ನಡುವೆ ತಡೆದು ಕಟ್ಟಿದ ಮದಗದ ಕೆರೆಯ ಏರಿಯನ್ನು ನೋಡಿದವರಿಗೆ, ವಿಜಯನಗರದ ಕಾಲದ ಜನರು ಮಳೆಯ ಲೆಕ್ಕವನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದು ತಾನಾಗಿಯೇ ಮನವರಿಕೆಯಾಗುತ್ತದೆ. ಸವಣೂರಿನ ಪ್ರಸಿದ್ಧವಾದ ದೊಡ್ಡ ಹುಣಸೆ ಮರಗಳಿವೆಯಷ್ಟೆ? ಆಫ್ರಿಕದ ಒಣನೆಲದಿಂದ ಬಂದ ಜಾತಿಯವು ಅವು. ಮಳೆಗಾಲದಲ್ಲಿ ಕುಡಿದ ನೀರನ್ನು ತಮ್ಮ ಗುಡಾಣದಂಥ ಕಾಂಡದಲ್ಲಿ ತುಂಬಿಟ್ಟುಕೊಂಡು ಬೇಸಗೆಯನ್ನು ಕಳೆಯುವುದು ಆ ಮರಗಳ ಸ್ವಭಾವ. ಮಳೆಯನ್ನು ಹೊಟ್ಟೆಯೊಳಗಿಟ್ಟುಕೊಳ್ಳುವ ವಿದ್ಯೆಯನ್ನು ಬಲ್ಲ ಮರವು ನಮ್ಮ ಊರಿನಲ್ಲಿಯೇ ನಿಂತಿರುವಾಗ ನಾವು ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ.

ಇಷ್ಟು ಹೇಳಿದೆವೆಂದು, ‘ಹಳೆಯದೆಲ್ಲವೂ ಒಳ್ಳೆಯದು, ಮಣ್ಣಿನ ಮನೆಗೇ ಮರಳಿರಿ’ ಎಂದು ನಾವು ಉಪದೇಶಿಸುತ್ತೇವೆಂದು ವಾಚಕರು ಭಾವಿಸಬಾರದು. 2019ರ ಆಗಸ್ಟ್ ತಿಂಗಳನ್ನು ಕಂಡವರು ಹಾಗೆ ಹೇಳಲಾರರು. ವರದೆಯೂ ಧರ್ಮೆಯೂ ದಂಡೆ ಮೀರಿ ಹರಿದು, ಮಳೆಯು ವಾರಗಟ್ಟಲೆ ಬಿಡದೆ ಹಿಡಿದುದರಿಂದ, ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ನೆನೆದು ಕುಸಿದವು. ಬಿದ್ದವುಗಳಲ್ಲಿ ಬಹುಭಾಗ ಮಣ್ಣಿನ ಗೋಡೆಯವು. ಮಾಳಿಗೆಯ ಮೇಲಿನ ಮಣ್ಣನ್ನು ವರ್ಷ ವರ್ಷವೂ ಕುಟ್ಟಿ, ಹರನಾಳಿಗೆಯನ್ನು ಬಿಡಿಸಿಡುವ ಕೈಗಳು ಮನೆಯಲ್ಲಿ ಇದ್ದವರೆಗೆ ಆ ಮನೆ ಕ್ಷೇಮ. ಆ ಕೈಗಳು ಹುಬ್ಬಳ್ಳಿಗೂ ಬೆಂಗಳೂರಿಗೂ ದುಡಿಯಲು ಹೋದ ಮೇಲೆ ಅದೇ ಮಾಳಿಗೆಯು ತಲೆಯ ಮೇಲಿನ ಭಾರ. ಪೂರ್ತಿಯಾಗಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿಗಳ ಪರಿಹಾರವನ್ನು ಸರಕಾರವು ಆಗ ಪ್ರಕಟಿಸಿತು. ಇಂಥ ಹಣದಿಂದ ಎದ್ದ ಮನೆಗಳು ಬಹುಮಟ್ಟಿಗೆ ಸಿಮೆಂಟಿನ ತಾರಸಿಯವು. ಅವು ಬೀಳುವುದಿಲ್ಲ, ಇದು ದೊಡ್ಡ ಮಾತು. ಮಳೆಯ ರಾತ್ರಿಯಲ್ಲಿ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡ ತಾಯಿಗೆ ಇದಕ್ಕಿಂತ ದೊಡ್ಡ ಮಾತು ಬೇರೊಂದಿಲ್ಲ.

ಆದರೆ ಮಳೆಯಿಂದ ಕಾಯ್ದ ಆ ತಾರಸಿಯೇ ಬಿಸಿಲಿನಿಂದ ಕಾಯುವುದಿಲ್ಲ. ನಮ್ಮ ಊರುಗಳು ಉತ್ತರ ಅಕ್ಷಾಂಶ 14ರಿಂದ 15 ಅಂಶಗಳ ಆಸುಪಾಸಿನಲ್ಲಿವೆ. ಏಪ್ರಿಲ್ ತಿಂಗಳ ಕೊನೆಗೆ ಮಧ್ಯಾಹ್ನದ ಸೂರ್ಯನು ನೆಟ್ಟಗೆ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗ ಗೋಡೆಗಳಿಗಿಂತ ಮಾಳಿಗೆಯೇ ಹೆಚ್ಚು ಬಿಸಿಲನ್ನು ಉಣ್ಣುತ್ತದೆ. ನಾಲ್ಕೈದು ಅಂಗುಲ ದಪ್ಪದ ಬರಿಯ ಕಾಂಕ್ರೀಟು ಹಗಲೆಲ್ಲ ಕಾಯ್ದು, ಇರುಳೆಲ್ಲ ಒಳಗಿನವರ ಮೇಲೆ ಆ ಕಾವನ್ನು ಇಳಿಸುತ್ತದೆ. ಅದಕ್ಕೆ ಪಂಖಾ ಬೇಕು. ಪಂಖಕ್ಕೆ ವಿದ್ಯುತ್ತು ಬೇಕು. ಸೂರಿಲ್ಲದ ಪೆಟ್ಟಿಗೆಯಂಥ ಮನೆಯ ಮೇಲೆ ಬಿದ್ದ ಮಳೆಯು ಕೊಳವೆಯೊಂದರಿಂದ ಗಟಾರಕ್ಕೆ ಸೇರಿ, ಊರಿನ ಕೊಳೆಯೊಡನೆ ಬೆರೆತು ಹೋಗುತ್ತದೆ. ನೀರಿಗೆ ಕೊಳವೆಬಾವಿ ಬೇಕು. ಅದಕ್ಕೂ ವಿದ್ಯುತ್ತೇ ಬೇಕು. ನೂರು ಮೀಟರು ಆಳದಿಂದ ಸಾವಿರ ಲೀಟರು ನೀರನ್ನು ಎತ್ತಲು ಗಣಿತದ ಪ್ರಕಾರ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಶಕ್ತಿ ಸಾಕು. ಯಂತ್ರದ ಸೋರಿಕೆಯನ್ನೆಲ್ಲ ಸೇರಿಸಿದರೆ ಅರ್ಧದಿಂದ ಮುಕ್ಕಾಲು ಯೂನಿಟ್ಟಿನವರೆಗೆ ತಗಲುತ್ತದೆ. ತಾತ್ಪರ್ಯವೇನೆಂದರೆ, ನೀರು ಬೇರೆ, ವಿದ್ಯುತ್ತು ಬೇರೆ ಎಂದು ನಾವು ಎರಡು ಖಾತೆಗಳಲ್ಲಿ ಬರೆಯುತ್ತೇವೆ. ಮನೆಯಾದರೋ ಎರಡನ್ನೂ ಒಂದೇ ಖಾತೆಯಲ್ಲಿ ಖರ್ಚು ಹಾಕುತ್ತದೆ.

ಈಗ ಕಾಯದೆಯು ಏನು ಹೇಳುತ್ತದೆಂಬುದನ್ನು ನೋಡೋಣ. ಪಟ್ಟಣದ ಮನೆಗೆ ಪರವಾನಿಗೆ ಕೊಡುವ ಅಧಿಕಾರವು 1964ರ ಕರ್ನಾಟಕ ಪುರಸಭೆಗಳ ಕಾಯದೆಯಿಂದ ಬಂದುದು. ಹಳ್ಳಿಗಳಲ್ಲಿ 1993ರ ಪಂಚಾಯತ ಕಾಯದೆ. ಇಡೀ ದೇಶಕ್ಕೆ ಮಾದರಿಯಾಗಿ ರಾಷ್ಟ್ರೀಯ ಕಟ್ಟಡ ಸಂಹಿತೆಯು 1970ರಲ್ಲಿ ಹುಟ್ಟಿ, 1983, 2005, 2016ರಲ್ಲಿ ಪರಿಷ್ಕಾರ ಹೊಂದಿತು. ಶಕ್ತಿ ಸಂರಕ್ಷಣೆಯ ಕಾಯದೆಯು 2001ರದು. ಅದರ ಆಧಾರದ ಮೇಲೆ ದೊಡ್ಡ ಕಟ್ಟಡಗಳ ಸಂಹಿತೆಯು 2007ರಲ್ಲಿ ಬಂದು, 2017ರಲ್ಲಿ ತಿದ್ದಲ್ಪಟ್ಟಿತು. ಆದರೆ ಅದು ನೂರು ಕಿಲೋವಾಟ್ ಅಥವಾ ಅದಕ್ಕೆ ಮೇಲ್ಪಟ್ಟು ವಿದ್ಯುತ್ತಿನ ಜೋಡಣೆಯುಳ್ಳ ವ್ಯಾಪಾರಿ ಕಟ್ಟಡಗಳಿಗೆ ಉದ್ದೇಶಿಸಿದ್ದು. ನಮ್ಮ ನಾಲ್ಕು ಊರುಗಳಲ್ಲಿ ಅಂಥ ಕಟ್ಟಡಗಳು ಬೆರಳೆಣಿಕೆಗೆ ಸಿಕ್ಕಿಯಾವು. ವಾಸದ ಮನೆಗಳಿಗಾಗಿ 2018ರಲ್ಲಿ ‘ಇಕೋ ನಿವಾಸ ಸಂಹಿತೆ’ಯನ್ನು ಹೊರಡಿಸಿದರು, ಅದರ ದೃಷ್ಟಿಯೂ ಐನೂರು ಚದರ ಮೀಟರು ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳ ಮೇಲೆ. ಮೂವತ್ತು–ನಲವತ್ತು ಅಡಿಯ ನಿವೇಶನವೆಂದರೆ ನೂರ ಹನ್ನೊಂದು ಚದರ ಮೀಟರು ಮಾತ್ರ. ಹೀಗೆ, ಯಾರ ಮನೆಯ ಮಾಳಿಗೆಯು ಅತ್ಯಂತ ತೆಳುವೋ ಅವರ ಮನೆಯ ಮೇಲಿನಿಂದ ಈ ಸಂಹಿತೆಗಳೆಲ್ಲ ಮೋಡದಂತೆ ಹಾದುಹೋಗುತ್ತವೆ, ಹನಿ ಉದುರಿಸುವುದಿಲ್ಲ.

ಹನಿ ಉದುರಿಸಿದ ಕಟ್ಟಳೆಗಳೂ ಇವೆ. ತಮಿಳುನಾಡು 2003ರಲ್ಲಿ ಪ್ರತಿಯೊಂದು ಕಟ್ಟಡಕ್ಕೂ ಮಳೆನೀರಿನ ಕೊಯಿಲನ್ನು ಕಡ್ಡಾಯ ಮಾಡಿತು. ನಮ್ಮ ರಾಜ್ಯ ಸರಕಾರವು 2007ರಲ್ಲಿ ಪಟ್ಟಣಗಳ ಒಂದು ಮಿತಿಗೆ ಮೇಲ್ಪಟ್ಟ ಮನೆಗಳಿಗೆ ಸೌರ ಬಿಸಿನೀರಿನ ಯಂತ್ರವನ್ನು ಕಡ್ಡಾಯವೆಂದು ಆಜ್ಞಾಪಿಸಿತು. ಇದು ವ್ಯರ್ಥವಾದ ಆಜ್ಞೆಯಲ್ಲ. ನೂರು ಲೀಟರು ನೀರನ್ನು ಸ್ನಾನಕ್ಕೆ ತಕ್ಕಂತೆ ಚೆನ್ನಾಗಿ ಕಾಯಿಸಲು ವಿದ್ಯುತ್ತಿನಿಂದ ಸುಮಾರು ನಾಲ್ಕು ಯೂನಿಟ್ಟು ಬೇಕಾದರೆ, ಬಿಸಿಲು ಅದನ್ನು ಬಿಟ್ಟಿಯಾಗಿ ಮಾಡುತ್ತದೆ. ಬೆಂಗಳೂರಿನಲ್ಲಿ 2009ರ ತಿದ್ದುಪಡಿಯಿಂದ ಮಳೆನೀರಿನ ಕೊಯಿಲು ಕಡ್ಡಾಯವಾಯಿತು, ಮಾಡದವರಿಗೆ ನೀರಿನ ಬಿಲ್ಲಿನ ಮೇಲೆ ದಂಡವೂ ಬಂದಿತು. ಅನೇಕರು ಮಾಡಿದರು, ಆದರೆ ಸಹಸ್ರಾರು ಜನರು ದಂಡವನ್ನೇ ತಿಂಗಳು ತಿಂಗಳೂ ತೆತ್ತು ಸುಮ್ಮನಿದ್ದರು. ದಂಡವು ಹಗುರಾದರೆ ಅದು ದಂಡವಾಗಿ ಉಳಿಯದೆ ಬಾಡಿಗೆಯಾಗುತ್ತದೆ. ತಪ್ಪು ಮಾಡುವ ಹಕ್ಕಿಗೆ ತೆತ್ತ ಬಾಡಿಗೆ. ಭಾರವಾದರೆ ಬಡವನನ್ನು ಮುರಿಯುತ್ತದೆ. ಆದುದರಿಂದ ಕಟ್ಟಳೆಯ ಪ್ರಾಣವು ದಂಡದಲ್ಲಿ ಇಲ್ಲವೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಎಲ್ಲಿದೆ? ಮನೆಯವರು ಅದರ ಪ್ರಯೋಜನವನ್ನು ತಮ್ಮ ಲೆಕ್ಕದಿಂದಲೇ ಕಾಣುವುದರಲ್ಲಿದೆ. ನಾವು ಶಾಲೆಯಲ್ಲಿ ಕಲಿಸುತ್ತಿದ್ದಾಗ ಕ್ಷೇತ್ರಫಲದ ಪಾಠ ಬಂದರೆ ಹುಡುಗರಿಗೆ ಹೊಲದ ಲೆಕ್ಕ ಕೊಡುವುದು ವಾಡಿಕೆ. ಅದರ ಬದಲು ಅವರವರ ಮನೆಯ ಮಾಳಿಗೆಯ ಲೆಕ್ಕವನ್ನು ಕೊಡುತ್ತಿದ್ದೆವು. ಲೆಕ್ಕವು ಇಷ್ಟೇ. ಒಂದು ಚದರ ಮೀಟರು ಮಾಳಿಗೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಚಿಕ್ಕ ಮನೆಯ ಮಾಳಿಗೆ ಐವತ್ತು ಚದರ ಮೀಟರೆಂದು ಹಿಡಿಯಿರಿ. ವರ್ಷಕ್ಕೆ ಏಳುನೂರು ಮಿಲಿಮೀಟರು ಮಳೆ ಬಿದ್ದಿತೆಂದು ಹಿಡಿಯಿರಿ. ಒಟ್ಟು ಮೂವತ್ತೈದು ಸಾವಿರ ಲೀಟರು. ಆವಿಯಾಗಿ, ಸಿಡಿದು, ಮೊದಲ ಮಳೆಯ ಕೊಳೆಯೊಡನೆ ಹೋಗುವುದನ್ನು ಐದರಲ್ಲೊಂದು ಪಾಲು ಕಳೆದರೂ ಇಪ್ಪತ್ತೆಂಟು ಸಾವಿರ ಲೀಟರು ಉಳಿಯುತ್ತದೆ. ‘ಇಷ್ಟನ್ನು ತುಂಬಿಡುವ ತೊಟ್ಟಿಯನ್ನು ಬಡವನು ಎಲ್ಲಿಂದ ತಂದಾನು?’ ಎಂದು ನೀವು ಕೇಳಬಹುದು. ಇಷ್ಟನ್ನೂ ತುಂಬಿಡಬೇಕಾಗಿಲ್ಲ. ಐದು ಜನರ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ ಇಪ್ಪತ್ತೈದು ಲೀಟರು ಸಾಕು. ಐದು ಸಾವಿರ ಲೀಟರಿನ ತೊಟ್ಟಿಯು ಇನ್ನೂರು ದಿನಗಳಿಗೆ ಒದಗುತ್ತದೆ. ಸ್ವಾತಿಯ ಮಳೆ ಮುಗಿಯುವ ನವೆಂಬರ್ ಆರಂಭದಿಂದ ರೋಹಿಣಿ ಮಳೆ ಹಿಡಿಯುವ ಮೇ ತಿಂಗಳ ಕೊನೆಯವರೆಗೆ ಎಣಿಸಿರಿ. ಹೆಚ್ಚು ಕಡಿಮೆ ಇನ್ನೂರೇ ದಿನಗಳಾಗುತ್ತವೆ! ಎರಡು ಮೀಟರು ಉದ್ದ, ಎರಡು ಮೀಟರು ಅಗಲ, ಒಂದೂಕಾಲು ಮೀಟರು ಆಳದ ತೊಟ್ಟಿ, ಇಷ್ಟೇ. ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ 2023ರಂಥ ವರ್ಷದಲ್ಲಿ, ನಲ್ಲಿಯು ಬರುವ ದಿನವನ್ನು ಕಾಯ್ದು ಕೊಡ ಹಿಡಿದು ನಿಲ್ಲುವ ಹೆಂಗಸಿಗೂ, ತನ್ನ ಅಂಗಳದ ತೊಟ್ಟಿಯಿಂದ ಮೊಗೆದುಕೊಳ್ಳುವ ಹೆಂಗಸಿಗೂ ಇರುವ ಅಂತರವು ಈ ಐದು ಘನ ಮೀಟರುಗಳ ಅಂತರ.

ಗೃಹಿಣಿಯರಿಗಾಗಿ ಎರಡು ಎಚ್ಚರಿಕೆಯ ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ವರ್ಷದ ಮೊದಲ ಒಂದೆರಡು ಮಳೆಗಳ ನೀರನ್ನು ಹೊರಗೆ ಬಿಡಬೇಕು. ಧೂಳು, ಎಲೆ, ಹಕ್ಕಿಯ ಹಿಕ್ಕೆಗಳೆಲ್ಲ ಅದರೊಡನೆ ತೊಳೆದುಹೋಗುತ್ತವೆ. ತೊಟ್ಟಿಯ ಬಾಯಿಗೆ ಮುಚ್ಚಳವೂ ಸಣ್ಣ ಕಣ್ಣಿನ ಜಾಳಿಗೆಯೂ ಇರಲೇಬೇಕು. ಬೆಳಕು ಹೊಕ್ಕರೆ ಪಾಚಿ, ಸೊಳ್ಳೆ ಹೊಕ್ಕರೆ ಡೆಂಗೀ ಜ್ವರ. ಕುಡಿಯುವ ನೀರನ್ನು ಸೋಸಿ, ಕುದಿಸಿ ಆರಿಸುವ ಪದ್ಧತಿಯನ್ನು ಮಳೆಯ ನೀರೆಂದು ಬಿಡಬಾರದು.

ಇನ್ನು ‘ಗುಂಡಿ’ಯ ವಿಷಯ. ನಕಾಶೆಯ ಮೂಲೆಯ ಆ ವರ್ತುಲವು ಸಾಮಾನ್ಯವಾಗಿ ಇಂಗುಗುಂಡಿಯನ್ನು ಸೂಚಿಸುತ್ತದೆ. ಹಾನಗಲ್ಲಿನ ಕಡೆಯ ಮಸಾರಿಯ ನೆಲದಲ್ಲಿ ನೀರು ಚೆನ್ನಾಗಿ ಇಂಗುತ್ತದೆ; ಅಲ್ಲಿ ಗುಂಡಿಯು ಸಾರ್ಥಕ, ಅದರ ಪಕ್ಕದ ಬಾವಿಗೂ ಸುಕೃತ. ಆದರೆ ಎರೆಯ ನೆಲದ ಗುಣವೇ ಬೇರೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಒಳಗೆ ನೀರನ್ನು ಬೇಗ ಬಿಡುವುದೂ ಇಲ್ಲ. ಅಂಥ ನೆಲದಲ್ಲಿ ತಳಪಾಯದ ಮಗ್ಗುಲಿಗೇ ಗುಂಡಿ ತೋಡಿ ಮಾಳಿಗೆಯ ನೀರನ್ನೆಲ್ಲ ಸುರಿದರೆ, ನೆಲ ಉಬ್ಬಿ ಇಳಿದು ಗೋಡೆಯು ಸೀಳುತ್ತದೆ. ಕಟ್ಟಳೆಯನ್ನು ಪಾಲಿಸಿದವನ ಮನೆ ಸೀಳಿ, ಪಾಲಿಸದವನ ಮನೆ ನೆಟ್ಟಗೆ ನಿಂತರೆ ಊರಿನವರು ಕಟ್ಟಳೆಯ ವಿಷಯದಲ್ಲಿ ಯಾವ ಪಾಠವನ್ನು ಕಲಿತಾರು? ಎರೆಯ ನೆಲದಲ್ಲಿ ಇಂಗಿಸುವುದಕ್ಕಿಂತ ತುಂಬಿಡುವುದೇ ಮೇಲು. ತುಂಬಿ ಮಿಕ್ಕುದನ್ನು ತಳಪಾಯದಿಂದ ದೂರ ಸಾಗಿಸಬೇಕು. ಕಡಿದಾದ ಗುಡ್ಡದ ಊರಿಗೂ ಇದೇ ವಿವೇಕವು ಬೇರೊಂದು ಕಾರಣದಿಂದ ಒಪ್ಪುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಮರೆಯಲಾಗದು. ನೀರು ಕುಡಿದು ಭಾರವಾದ ಇಳಿಜಾರಿನೊಳಗೆ ಇನ್ನಷ್ಟು ನೀರನ್ನು ಗುಂಡಿ ತೋಡಿ ಇಳಿಸುವುದು ಅಪಾಯಕ್ಕೆ ಆಹ್ವಾನ. ಅಂದ ಬಳಿಕ ಒಂದೇ ವರ್ತುಲವನ್ನು ಎಲ್ಲ ನಕಾಶೆಗಳಿಗೂ ಅಚ್ಚೊತ್ತುವುದು ಕಟ್ಟಳೆಯಲ್ಲ, ಕಟ್ಟಳೆಯ ಅನುಕರಣ. ನೆಲವನ್ನು ಮುಟ್ಟಿ ನೋಡದ ನಿಯಮವು ಶೀತಜ್ವರಕ್ಕೂ ಉಷ್ಣಜ್ವರಕ್ಕೂ ಒಂದೇ ಕಷಾಯವನ್ನು ಕುದಿಸುವ ವೈದ್ಯನಂತೆ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಲು ವಾಚಕರು ಅಪ್ಪಣೆ ಕೊಡಬೇಕು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮನೆ ಕಟ್ಟುವ ವಾಸ್ತುವಿದ್ಯೆಗೆ ಒಂದು ಅಧ್ಯಾಯವನ್ನೂ, ನೆಲದೊಳಗಿನ ನೀರನ್ನು ಗುರುತಿಸುವ ದಕಾರ್ಗಲಕ್ಕೆ ಬೇರೊಂದು ಅಧ್ಯಾಯವನ್ನೂ ಮೀಸಲಿಟ್ಟನು. ಮಣ್ಣಿನ ಬಣ್ಣ, ಮರದ ಜಾತಿ, ಹುತ್ತದ ದಿಕ್ಕುಗಳನ್ನು ನೋಡಿ ನೀರಿನ ಆಳವನ್ನು ಹೇಳುವ ಅವನ ಲಕ್ಷಣಗಳೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುವುವೆಂದು ನಾವು ವಾದಿಸುವುದಿಲ್ಲ. ಆದರೆ ನೆಲನೆಲಕ್ಕೂ ಲಕ್ಷಣವು ಬೇರೆ ಎಂಬ ಅವನ ಮೂಲಭಾವವು ಇಂದಿಗೂ ಸತ್ಯ. ಕೌಟಿಲ್ಯನ ಅರ್ಥಶಾಸ್ತ್ರವಂತೂ ಪೂರ್ಣವಾಗಿ ಕಟ್ಟಳೆಯ ಗ್ರಂಥ. ಆ ಲುಪ್ತಗ್ರಂಥದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಲೋಕಕ್ಕೆ ಕೊಟ್ಟವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು, ಎಂದರೆ ನಮ್ಮ ಕನ್ನಡನಾಡಿನವರೇ. ಅದರಲ್ಲಿ ಮಳೆಯನ್ನು ಪಾತ್ರೆಯಿಟ್ಟು ಅಳೆಯುವ ವಿಧಾನವಿದೆ. ಮನೆಯ ನೀರಿನ ಕಾಲುವೆಯು ನೆರೆಯವನ ಗೋಡೆಯಿಂದ ಇಂತಿಷ್ಟು ದೂರವಿದ್ದು ಸರಿಯಾದ ಇಳಿಜಾರಿನಲ್ಲಿ ಹರಿಯಬೇಕೆಂಬ ವಿಧಿಯಿದೆ; ತಪ್ಪಿದವನಿಗೆ 54 ಪಣಗಳ ದಂಡವಿದೆ. ಇಷ್ಟೆಲ್ಲ ಕಠಿನವಾಗಿ ಹೇಳಿದ ಆ ಶಾಸ್ತ್ರಕಾರನು ಒಂದು ಅಪವಾದವನ್ನು ಮಾತ್ರ ಬರೆದಿಟ್ಟನು: ಮನೆಯಲ್ಲಿ ಬಾಣಂತಿಯಿದ್ದರೆ ಹತ್ತು ದಿನಗಳವರೆಗೆ ಅವಳಿಗಾಗಿ ಮಾಡಿಕೊಂಡ ನೀರಿನ ಗುಂಡಿಗೆ ಈ ನಿಯಮವಿಲ್ಲ. ಚಕ್ರವರ್ತಿಯ ಮಂತ್ರಿಯು ಕಾಯದೆಯನ್ನು ಬರೆಯುವಾಗ ಬಾಣಂತಿಯ ಬಚ್ಚಲನ್ನು ನೆನೆದನು! ಕಟ್ಟಳೆಯು ಮನೆಯೊಳಗನ್ನು ಬಲ್ಲುದಾದರೆ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ನಮಗೆ ತಿಳಿಯದು.

ಆ ದೃಷ್ಟಿಯಿಂದ ನಮ್ಮ ನಾಲ್ಕು ಊರುಗಳ ಪುರಸಭೆ, ಪಂಚಾಯತಿಗಳ ಮುಂದೆ ಕೆಲವು ಸೂಚನೆಗಳನ್ನು ಇಡುತ್ತೇವೆ.

ಒಂದನೆಯದು. ಚಿಕ್ಕ ಮನೆಗೆ ಕಟ್ಟಳೆಗಳು ಕಡಿಮೆಯಿರಲಿ, ಆದರೆ ಇರುವವು ನಿಜವಾಗಿರಲಿ. ಮಾಳಿಗೆಯ ಮೇಲೆ ಬಿಳಿಯ ಸುಣ್ಣ ಅಥವಾ ಬಿಳಿಯ ಹಂಚಿನ ಚೂರುಗಳ ಹೊದಿಕೆ, ಕಿಟಕಿಗಳ ಮೇಲೆ ಚಾಚಿದ ಚಾವಣಿ, ಎದುರುಬದುರಾಗಿ ಗಾಳಿಯಾಡುವ ಕಿಟಕಿಗಳು: ಇವು ಮೂರೇ ಸಾಕು. ಇಕೋ ನಿವಾಸ ಸಂಹಿತೆಯು ಉಷ್ಣವಲಯಗಳನ್ನು ಅನುಸರಿಸಿ, ತೆರೆಯಬಲ್ಲ ಕಿಟಕಿಗಳ ವಿಸ್ತಾರವು ನೆಲದ ವಿಸ್ತಾರದ ಹತ್ತರಲ್ಲೊಂದರಿಂದ ಆರರಲ್ಲೊಂದು ಪಾಲಿನವರೆಗೆ ಇರಬೇಕೆಂದು ಹೇಳುತ್ತದೆ. ಇದು ಶ್ರೀಮಂತರಿಗೆ ಮಾತ್ರ ಸಲ್ಲುವ ಐಶ್ವರ್ಯವಲ್ಲ. ನಿವೇಶನವು ಒಪ್ಪಿದರೆ ಮನೆಯ ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಗಳಿಗೆ ಮುಖಮಾಡಲಿ. ಬೆಳಗಿನ ಮತ್ತು ಇಳಿಹೊತ್ತಿನ ಓರೆಬಿಸಿಲು ಗಿಡ್ಡ ಗೋಡೆಗಳ ಪಾಲಿಗೆ ಹೋಗುತ್ತದೆ.

ಎರಡನೆಯದು. ಮಳೆನೀರಿಗೆ ನೆಲವನ್ನು ನೋಡಿ ವಿಧಿಯಾಗಲಿ: ಮಸಾರಿಗೆ ಇಂಗುಗುಂಡಿ, ಎರೆಗೆ ತೊಟ್ಟಿ. ಶೌಚದ ಗುಂಡಿಯಿಂದ ದೂರವಿರಬೇಕೆಂಬುದು ಎರಡಕ್ಕೂ ಸಮಾನ.

ಮೂರನೆಯದು. ಪರೀಕ್ಷೆಯು ಕಾಗದದ ಮೇಲೆ ಅಲ್ಲ, ಮಳೆಯಲ್ಲಿ ಆಗಲಿ. ಆರಿದ್ರಾ ಮಳೆಯ ಒಂದು ದಿನ ಪುರಸಭೆಯ ನೌಕರನು ಛತ್ರಿ ಹಿಡಿದು ಬೀದಿಯಲ್ಲಿ ನಡೆದರೆ ಸಾಕು. ಯಾವ ಮನೆಯ ನೀರು ತೊಟ್ಟಿಗೆ ಹೋಗುತ್ತದೆ, ಯಾವ ಮನೆಯದು ಗಟಾರಕ್ಕೆ ಹೋಗುತ್ತದೆ ಎಂಬುದನ್ನು ಮಳೆಯೇ ಸಾಕ್ಷಿ ಹೇಳುತ್ತದೆ. ಮಾಡಿದವರಿಗೆ ಮನೆಯ ತೆರಿಗೆಯಲ್ಲಿ ಅಷ್ಟಿಷ್ಟು ಸೋಡಿ ಕೊಟ್ಟರೆ ಬೀದಿಯ ಉಳಿದವರು ತಾವಾಗಿಯೇ ಕೇಳಿಕೊಂಡು ಬರುವರು.

ನಾಲ್ಕನೆಯದು. ಬಡವರ ಮನೆಗೆ ಸರಕಾರವು ಹಣ ಕೊಡುವಾಗ ಆ ಹಣದೊಳಗೆಯೇ ದೋಣಿ, ಕೊಳವೆ, ತೊಟ್ಟಿಗಳ ವೆಚ್ಚವೂ ಸೇರಿರಲಿ. ಬಿದ್ದ ಮನೆಯನ್ನು ಎಬ್ಬಿಸುವಾಗ ತಣ್ಣಗಿನ ಮಾಳಿಗೆಯನ್ನು ಎಬ್ಬಿಸಲು ಹತ್ತಿರ ಹತ್ತಿರ ಅಷ್ಟೇ ಶ್ರಮ ಬೀಳುತ್ತದೆ; ಎಬ್ಬಿಸಿ ಮುಗಿದ ಮೇಲೆ ಸರಿಪಡಿಸಹೊರಟರೆ ಇಮ್ಮಡಿ.

ಐದನೆಯದು. ಬೀದಿಯ ಮಳೆನೀರಿಗೆ ಬೇರೆ ಕಾಲುವೆ, ಬಚ್ಚಲಿನ ಕೊಳೆಗೆ ಬೇರೆ ಕಾಲುವೆ. ಮನೆಮನೆಯ ತೊಟ್ಟಿ ತುಂಬಿ ಹೊರಬಿದ್ದ ನೀರು ಸ್ವಚ್ಛವಾಗಿ ಆನೆಕೆರೆಯಂಥ ಊರಕೆರೆಗೆ ಸೇರಿದರೆ ಮನೆಯ ಕಟ್ಟಳೆಯು ಊರಿನ ಪುಣ್ಯವಾಗುತ್ತದೆ. ಎರಡೂ ಒಂದೇ ಗಟಾರದಲ್ಲಿ ಹರಿದರೆ ಕೆರೆಯು ಊರಿನ ಬಚ್ಚಲಾಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. ‘ಗೃಹಜ್ಯೋತಿಯು 2023ರಿಂದ ಮನೆಗೆ ಇನ್ನೂರು ಯೂನಿಟ್ಟಿನವರೆಗೆ ವಿದ್ಯುತ್ತನ್ನು ಉಚಿತವಾಗಿ ಕೊಡುವಾಗ ಉಳಿಸಿ ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಆ ಯೋಜನೆಯಲ್ಲಿಯೂ 2023ರಲ್ಲಿ ಮಿತಿಯನ್ನು ಆಯಾ ಮನೆಯ ಹಿಂದಿನ ಸರಾಸರಿ ಖರ್ಚಿಗೆ ನೂರಕ್ಕೆ ಹತ್ತರಷ್ಟನ್ನು ಸೇರಿಸಿ ಗೊತ್ತುಮಾಡಿದ್ದರು. ಕಾಯ್ದ ಮಾಳಿಗೆಯ ಕೆಳಗೆ ಪಂಖದ ಮೇಲೆ ಪಂಖ ಹಾಕಿಕೊಂಡವನು ಆ ಮಿತಿಯನ್ನು ದಾಟಿದ ದಿನ ಉಚಿತವು ಎಷ್ಟು ತೆಳುವೆಂಬುದನ್ನು ಅರಿಯುತ್ತಾನೆ. ಅದಲ್ಲದೆ, ನಮಗೆ ಉಚಿತವಾದುದು ಯಾರಿಗೂ ಉಚಿತವಲ್ಲ. ಎಲ್ಲಿಯೋ ಕಲ್ಲಿದ್ದಲು ಉರಿಯುತ್ತದೆ, ಎಲ್ಲಿಯೋ ಶರಾವತಿಯ ಅಣೆಕಟ್ಟಿನ ಹಿಂದೆ ಕಾಡು ಮುಳುಗಿ ನಿಂತಿದೆ. ಅನುಕೂಲವಿದ್ದವರು ಇದೇ ಮಾಳಿಗೆಯಿಂದ ವಿದ್ಯುತ್ತನ್ನು ಬೆಳೆಯಲೂ ಈಗ ದಾರಿಯಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರಕಾರದ ಸೂರ್ಯಘರ ಯೋಜನೆಯು ಮಾಳಿಗೆಯ ಸೌರಫಲಕಗಳಿಗೆ ಒಂದು ಕಿಲೋವಾಟ್ಟಿಗೆ ಮೂವತ್ತು ಸಾವಿರದಿಂದ ಹಿಡಿದು, ಮೂರು ಕಿಲೋವಾಟ್ಟಿಗೆ 78,000 ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಮಾಡಿತು. ಫಲಕದ ನೆರಳು ಮಾಳಿಗೆಯ ಮೇಲೆ ಬೀಳುವುದರಿಂದ ಕೆಳಗಿನ ಕೋಣೆಗೆ ತಂಪು ದೊರೆಯುವುದು ಮೇಲಿನ ಲಾಭ.

ಕೊನೆಯದಾಗಿ ಮನೆ ಕಟ್ಟಿಸುವ ಯಜಮಾನರಿಗೆ ಒಂದು ಮಾತು. ನಕಾಶೆಯು ಸಿದ್ಧವಾದಾಗ ಅದನ್ನು ಇಂಜಿನಿಯರರಿಗೂ ಪುರಸಭೆಗೂ ತೋರಿಸುವ ಮೊದಲು, ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಇರುವವರಿಗೆ ತೋರಿಸಿರಿ. ಮಧ್ಯಾಹ್ನದಲ್ಲಿ ಅಡಿಗೆಮನೆಯ ಗೋಡೆಗೆ ಯಾವ ಕಡೆಯಿಂದ ಬಿಸಿಲು ಬೀಳುತ್ತದೆ, ಆಷಾಢದಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ, ಕೊಡವನ್ನು ಹೊತ್ತು ಎಷ್ಟು ಮೆಟ್ಟಿಲು ಹತ್ತಬೇಕಾಗುತ್ತದೆ, ಬಚ್ಚಲಿನ ನೀರು ಯಾವ ಗಿಡಕ್ಕೆ ತಲುಪೀತು ಎಂಬುದನ್ನು ನಿಮ್ಮ ತಾಯಿಯವರೂ ಮಡದಿಯೂ ಸೊಸೆಯೂ ಯಾವ ಸಂಹಿತೆಗಿಂತಲೂ ಸ್ಪಷ್ಟವಾಗಿ ಹೇಳಬಲ್ಲರು. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ತೊಟ್ಟಿಯನ್ನು ಕಟ್ಟಿಸಿರಿ. ಆ ತೊಟ್ಟಿಯು ನಕಾಶೆಯಲ್ಲಿಯೇ ಉಳಿಯುವ ಭಯವಿಲ್ಲ, ಏಕೆಂದರೆ ಮರುದಿನದಿಂದಲೇ ಅದನ್ನು ಕೇಳುವವರು ಮನೆಯಲ್ಲಿರುತ್ತಾರೆ.

ಕಟ್ಟಿಸಿದವರು ಎಷ್ಟು ಲೀಟರಿನದು ಕಟ್ಟಿಸಿದಿರಿ, ಯಾವ ನೆಲದಲ್ಲಿ, ಎಷ್ಟು ವೆಚ್ಚವಾಯಿತು, ನೀರು ಯಾವ ತಿಂಗಳಿನವರೆಗೆ ಬಂದಿತು ಎಂಬುದನ್ನು ನಮಗೆ ಬರೆದು ತಿಳಿಸಿದರೆ, ಮುಂದೆ ಮನೆ ಕಟ್ಟುವವರ ಉಪಯೋಗಕ್ಕಾಗಿ ಇದೇ ಪುಟಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.